ಹಳೆಯ ಫಾರೆಸ್ಟರ್, ಉಪ್ಪುಗಾಳಿ, ಘಟ್ಟದ ರಸ್ತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಕಾರನ್ನು ಕುರಿತವು. ಸುಬಾರು ಕಾರು ತನ್ನದೇ ಹೆಸರಿನಲ್ಲಿ ನಮ್ಮ ದೇಶದ ಷೋರೂಮುಗಳಿಗೆ ಬಂದದ್ದಿಲ್ಲ. ಆದರೆ ಅದನ್ನು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್ ಕಂಪನಿಯಲ್ಲಿ ಜನರಲ್ ಮೋಟಾರ್ಸ್ ಶೇಕಡಾ 20ರಷ್ಟು ಪಾಲು ಹೊಂದಿದ್ದ ಕಾಲದಲ್ಲಿ ಸುಬಾರು ಫಾರೆಸ್ಟರ್ ಷೆವರ್ಲೆಯ ಲಾಂಛನ ತೊಟ್ಟು ಜಪಾನಿನಿಂದ ಇಲ್ಲಿಗೆ ಬಂದು, 2003ರಿಂದ ಕೆಲವು ವರ್ಷ ಮಾರಾಟವಾಯಿತು. ಆ ಪಾಲನ್ನು ಜನರಲ್ ಮೋಟಾರ್ಸ್ 2005ರಲ್ಲಿ ಮಾರಿತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಈ ಗಾಡಿಗಳ ಮಾಲೀಕರಿಗೆ ಕೇಳಲು ಜಾಗವಿಲ್ಲದಂತಾಗಿದೆ. ಅವರ ಪ್ರಶ್ನೆಗಳಿಗೆ ಈ ಸಂಚಿಕೆಯ ಪುಟಗಳನ್ನು ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಾರವಾರದ ಬೈತಕೋಲ್ ಕಡೆಯ ಪರಿಚಿತರೊಬ್ಬರು 2005ರ ಷೆವರ್ಲೆ ಫಾರೆಸ್ಟರ್ ಕೊಡಲು ಸಿದ್ಧರಿದ್ದಾರೆ. ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಬಣ್ಣವೂ ಚೆನ್ನಾಗಿದೆ. ತೋಟಕ್ಕೂ ಪೇಟೆಗೂ ಓಡಾಡಲು ಕೊಳ್ಳಬಹುದೇ? ಬೆಲೆ ನಿಶ್ಚಯಿಸುವುದು ಹೇಗೆ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಎಂಜಿನ್ನಿನ ವಿಚಾರವನ್ನು ಆಮೇಲೆ ನೋಡೋಣ. ಬಂದರಿನ ಬಳಿ ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಅದರ ಅಡಿಭಾಗ. ಎಂಜಿನ್, ಗೇರ್‌ಬಾಕ್ಸ್, ಬೇರಿಂಗ್ ಇವೆಲ್ಲ ಬಿಚ್ಚಿ ಸರಿಪಡಿಸಬಹುದಾದವು ಅಥವಾ ಬದಲಾಯಿಸಬಹುದಾದವು. ಆದರೆ ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅದು ತುಕ್ಕು ತಿಂದರೆ ಮೇಲಿನ ಯಾವ ದುರಸ್ತಿಗೂ ಅರ್ಥವಿರುವುದಿಲ್ಲ.

ಈಚೆಗೆ ಗ್ಯಾರೇಜೊಂದರಲ್ಲಿ ಇದೇ ಮಾದರಿಯ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿದ್ದನ್ನು ಕಂಡೆ. ಹೊರಗೆ ಹೊಳೆಯುವ ಬೆಳ್ಳಿ ಬಣ್ಣ. ಹಿಂಬದಿಯ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದಾಗ ಒಂದು ಬೊಗಸೆಯಷ್ಟು ಹಸಿ ಮರಳೂ ಕೊಳೆತ ಎಲೆಯೂ ಕೆಳಗೆ ಬಿದ್ದವು. ಅದರ ಹಿಂದೆ, ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಹಿಡಿದಿಡುವ ಗೋಪುರದಂಥ ಭಾಗದ ತಗಡು ಸ್ಕ್ರೂಡ್ರೈವರಿನ ತುದಿ ತಾಗಿದ ಕಡೆಯೆಲ್ಲ ಹಪ್ಪಳದಂತೆ ಪದರ ಪದರವಾಗಿ ಉದುರಿತು. ಆ ಭಾಗವೇ ಕಾರಿನ ಹಿಂಭಾಗದ ಭಾರವನ್ನೆಲ್ಲ ಹೊರುವುದು. ಮೇಲಿನಿಂದ ನೋಡಿದವರಿಗೆ ಇದರ ಸುಳಿವೂ ಸಿಗುತ್ತಿರಲಿಲ್ಲ.

ಆದ್ದರಿಂದ ನೀವು ಹೋಗುವಾಗ ಒಬ್ಬ ಟಿಂಕರಿಂಗ್ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಗಾಡಿಯನ್ನು ಲಿಫ್ಟಿಗೆ ಏರಿಸಿ, ಹಿಂದಿನ ಎರಡೂ ಚಕ್ರಗಳ ಮೇಲಿನ ಆ ಭಾಗ, ಬಾಗಿಲುಗಳ ಕೆಳಗಿನ ಸಿಲ್, ಹಿಂದಿನ ಸಸ್ಪೆನ್ಷನ್ ಕೂರುವ ಅಡ್ಡ ತೊಲೆ, ಉದ್ದಕ್ಕೂ ಹರಿಯುವ ಬ್ರೇಕ್ ಪೈಪು ಇವನ್ನು ಕೈಯಿಂದ ಮುಟ್ಟಿ, ತಟ್ಟಿ ನೋಡಿ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಸರಿಸಿದರೆ ಪುಟ್ಟಿ ತುಂಬಿದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸಂತೋಷಪಡಬೇಡಿ; ತುಕ್ಕಿನ ಮೇಲೆಯೇ ಬಳಿದ ಕೋಟಿಂಗ್ ತೇವವನ್ನು ಒಳಗೇ ಹಿಡಿದಿಟ್ಟು ಲೋಹವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಬಾಗಿಲು ಮತ್ತು ಸಿಲ್‌ಗಳ ತಳದಲ್ಲಿರುವ ನೀರು ಹರಿಯುವ ಸಣ್ಣ ರಂಧ್ರಗಳು ಮಣ್ಣಿನಿಂದ ಮುಚ್ಚಿಹೋಗಿವೆಯೇ ಎಂಬುದನ್ನು ನೋಡಿದರೆ ಹಿಂದಿನ ಮಾಲೀಕರು ಗಾಡಿಯನ್ನು ಹೇಗೆ ನೋಡಿಕೊಂಡಿದ್ದರು ಎಂಬುದೂ ತಿಳಿಯುತ್ತದೆ.

ಇನ್ನು ಬೆಲೆ. ವರ್ಷಕ್ಕೆ ಒಂದೋ ಎರಡೋ ಕೈ ಬದಲಾಗುವ ಗಾಡಿಗೆ ಮಾರುಕಟ್ಟೆ ದರವೆಂಬುದು ಇರುವುದಿಲ್ಲ. ವಿಮೆಯ ಪತ್ರದಲ್ಲಿ ಕಾಣುವ ಮೊತ್ತವನ್ನು ಆಧಾರವಾಗಿ ತೋರಿಸಿದರೆ ಒಪ್ಪಬೇಡಿ. ಐದು ವರ್ಷ ದಾಟಿದ ವಾಹನಕ್ಕೆ ಆ ಮೊತ್ತವು ವಿಮಾ ಕಂಪನಿಯೂ ಮಾಲೀಕರೂ ಮಾತಾಡಿಕೊಂಡು ಗೊತ್ತುಮಾಡಿದ್ದು, ಅಷ್ಟೆ. ನಾನು ಸೂಚಿಸುವ ಕ್ರಮ ಇದು: ತುಕ್ಕಿಲ್ಲದ, ದಾಖಲೆ ಸರಿಯಿರುವ ಗಾಡಿಗೆ ನೀವು ಮನಃಪೂರ್ವಕ ಕೊಡಬಲ್ಲ ಮೊತ್ತವನ್ನು ಮೊದಲು ಬರೆದುಕೊಳ್ಳಿ. ಅದರಿಂದ ನಾಲ್ಕು ಟೈರು, ಟೈಮಿಂಗ್ ಬೆಲ್ಟ್, ಕ್ಲಚ್, ಹಿಂದಿನ ಚಕ್ರದ ಬೇರಿಂಗ್ ಇವುಗಳಲ್ಲಿ ಯಾವುದಕ್ಕೆ ರಸೀದಿ ಇಲ್ಲವೋ ಅದರ ಪೂರ್ಣ ಖರ್ಚನ್ನು ಕಳೆಯಿರಿ. ಮಾಡಿಸಿದ್ದೇವೆ ಎಂಬ ಬಾಯಿಮಾತಿಗೆ ಬೆಲೆ ಕಟ್ಟಬೇಡಿ. ಭಾರ ಹೊರುವ ಭಾಗದಲ್ಲಿ ತುಕ್ಕು ಕಂಡರೆ ಚೌಕಾಶಿಗೆ ಇಳಿಯದೆ ನಮಸ್ಕಾರ ಹೇಳಿ ಬನ್ನಿ.

ಮುಂಗಡ ಕೊಡುವ ಮೊದಲು ಆರ್‌ಸಿಯನ್ನು ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ತೋರಿಸಿ. ಹದಿನೈದು ವರ್ಷ ದಾಟಿದ ಸ್ವಂತ ಬಳಕೆಯ ಕಾರಿನ ನೋಂದಣಿ ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಯಾಯಿತು. ಆಮದಾದ ಕಾರಿನ ದರ ಇದರ ಎಂಟು ಪಟ್ಟು, ಅಂದರೆ 20 ವರ್ಷ ದಾಟಿದ್ದಕ್ಕೆ 80,000 ರೂಪಾಯಿ. ಫಾರೆಸ್ಟರ್ ಪೂರ್ಣವಾಗಿ ಜಪಾನಿನಲ್ಲಿ ತಯಾರಾಗಿ ಬಂದ ಕಾರಾದ್ದರಿಂದ ನಿಮ್ಮ ಗಾಡಿಗೆ ಯಾವ ದರ ಅನ್ವಯಿಸುತ್ತದೆಂಬುದನ್ನು ಕಚೇರಿಯಿಂದಲೇ ತಿಳಿದುಕೊಂಡು ವ್ಯವಹಾರ ಮುಗಿಸಿ. ಗಾಡಿ ಗೋವಾದ ನಂಬರಿನದಾಗಿದ್ದರೆ ಎನ್‌ಒಸಿ ಮತ್ತು ಇಲ್ಲಿಯ ಜೀವಿತಾವಧಿ ತೆರಿಗೆಯ ಲೆಕ್ಕವೂ ಸೇರುತ್ತದೆ.

ಪ್ರಶ್ನೆ: ನನ್ನ ಫಾರೆಸ್ಟರ್ ಅರಬೈಲು ಘಟ್ಟ ಹತ್ತಿ ಯಲ್ಲಾಪುರದಲ್ಲಿ ನಿಂತಾಗ ಬಾನೆಟ್ಟಿನಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಕೂಲೆಂಟ್ ಕೂಡ ಸ್ವಲ್ಪ ಕಡಿಮೆಯಾಗುತ್ತಿದೆ. ಎಂಜಿನ್ ಇಳಿಸಿ ಹೆಡ್ ಗ್ಯಾಸ್ಕೆಟ್ ಬದಲಾಯಿಸಲೇಬೇಕು ಎನ್ನುತ್ತಾರೆ. ಸರಿಯೇ?
– ಪ್ರೌಢಶಾಲಾ ಶಿಕ್ಷಕರು, ಅಂಕೋಲಾ

ಉತ್ತರ: ಸರಿಯಿರಬಹುದು, ಆದರೆ ಪರೀಕ್ಷೆ ಮಾಡದೆ ಎಂಜಿನ್ ಇಳಿಸಲು ಒಪ್ಪಬೇಡಿ. ಹೆಡ್ ಗ್ಯಾಸ್ಕೆಟ್ ಎಂದರೆ ಸಿಲಿಂಡರುಗಳಿಗೂ ಅವನ್ನು ಮುಚ್ಚುವ ಹೆಡ್‌ಗೂ ನಡುವೆ ಕೂರುವ ಸೀಲು. ಈ ಕಾರಿನ 2 ಲೀಟರಿನ ಬಾಕ್ಸರ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ; ಎಡಕ್ಕೆ ಎರಡು, ಬಲಕ್ಕೆ ಎರಡರಂತೆ ಮಲಗಿವೆ. ಹೀಗಾಗಿ ವಾಲ್ವ್ ಕವರುಗಳು ಎಂಜಿನ್ನಿನ ಮೇಲಿರದೆ ಎರಡು ಪಕ್ಕಗಳಲ್ಲಿವೆ, ಸೈಲೆನ್ಸರ್ ಪೈಪು ಅವುಗಳ ಕೆಳಗೇ ಹಾದುಹೋಗುತ್ತದೆ. ಕವರಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರಿತರೆ ಎಣ್ಣೆ ತೊಟ್ಟಿಕ್ಕುವುದು ನೇರವಾಗಿ ಕಾದ ಪೈಪಿನ ಮೇಲೆ. ಬೇರೆ ಕಾರುಗಳಲ್ಲಿ ಎಂಜಿನ್ನಿನ ಮೈಗೆ ಅಂಟಿಕೊಂಡು ಸುಮ್ಮನಿರುವಷ್ಟು ಸೋರಿಕೆ ಇದರಲ್ಲಿ ಹೊಗೆಯಾಗಿ, ವಾಸನೆಯಾಗಿ ತಿಳಿಯುತ್ತದೆ. ಆ ಗ್ಯಾಸ್ಕೆಟ್ಟನ್ನೂ ಸ್ಪಾರ್ಕ್ ಪ್ಲಗ್ ಕೊಳವೆಯ ಸೀಲುಗಳನ್ನೂ ಎಂಜಿನ್ ಇಳಿಸದೆ ಬದಲಾಯಿಸಬಹುದು. ಮೊದಲು ಅದನ್ನು ಮಾಡಿಸಿ, ಎಂಜಿನ್ನಿನ ಮೈ ತೊಳೆಸಿ, ಮತ್ತೆ ಒಂದು ಘಟ್ಟ ಹತ್ತಿಳಿದು ನೋಡಿ.

ಕೂಲೆಂಟ್ ಕಡಿಮೆಯಾಗುವುದು ಬೇರೆಯೇ ವಿಷಯ. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿಗೆ ಪ್ರೆಷರ್ ಪಂಪು ಹಚ್ಚಿ ಎಲ್ಲಿ ಒಸರುತ್ತದೆಂದು ನೋಡಬೇಕು. ಹಳೆಯ ಹೋಸ್, ರೇಡಿಯೇಟರ್ ಮುಚ್ಚಳ, ವಾಟರ್ ಪಂಪು ಇವೂ ಕಾರಣವಾಗಿರಬಹುದು. ಎಂಜಿನ್ ಓಡುವಾಗ ಕೂಲೆಂಟ್ ಬಾಟಲಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಏರಿನಲ್ಲಿ ಮಾತ್ರ ಟೆಂಪರೇಚರ್ ಮುಳ್ಳು ಮೇಲೇರಿ ಇಳಿಜಾರಿನಲ್ಲಿ ಇಳಿಯುತ್ತಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಹೊರದೇಶಗಳಲ್ಲಿ ಈ ದೂರಿಗೆ ಹೆಸರಾದದ್ದು ಸುಬಾರುವಿನ 2.5 ಲೀಟರ್ ಎಂಜಿನ್; ನಿಮ್ಮ 2 ಲೀಟರಿನದರಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಎಂಜಿನ್ ಇಳಿಸಲೇಬೇಕಾದರೆ ಅರ್ಧ ಕೆಲಸ ಮಾಡಿಸಬೇಡಿ. ಒಂದು ಪಕ್ಕ ಸೋರಿದ್ದರೂ ಎರಡೂ ಪಕ್ಕದ ಗ್ಯಾಸ್ಕೆಟ್ ಹಾಕಿಸಿ, ಹಲವು ಪದರದ ಉಕ್ಕಿನದನ್ನೇ ತರಿಸಿ, ಹೆಡ್‌ನ ಮೇಲ್ಮೈಯನ್ನು ಲೇತಿನವರಲ್ಲಿ ಫೇಸಿಂಗ್ ಮಾಡಿಸಿ, ವಾಲ್ವ್ ಗ್ಯಾಪ್ ನೋಡಿಸಿ. ಟೈಮಿಂಗ್ ಬೆಲ್ಟ್, ಅದರ ರೋಲರುಗಳು, ವಾಟರ್ ಪಂಪು ಇವನ್ನು ಆಗಲೇ ಬದಲಾಯಿಸಿ. ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಬದಲಾಗಬೇಕಾದ ಆ ಬೆಲ್ಟ್ ಓಡುವಾಗ ತುಂಡಾದರೆ ಪಿಸ್ಟನ್ನಿಗೆ ವಾಲ್ವುಗಳು ಬಡಿದು ಬಾಗುತ್ತವೆ. ಬಿಡಿಭಾಗಗಳನ್ನು ಷೆವರ್ಲೆ ಎಂದು ಕೇಳಿದರೆ ಅಂಗಡಿಯವರು ತಲೆಯಾಡಿಸುತ್ತಾರೆ. ಚಾಸಿ ನಂಬರಿನಿಂದ ಸುಬಾರುವಿನ ಪಾರ್ಟ್ ನಂಬರ್ ಹುಡುಕಿ ತರಿಸಬೇಕು.

ಇನ್ನೊಂದು ಮಾತು. ನಮ್ಮ ಕರಾವಳಿಯ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಸವುಳಾಗುತ್ತದೆ. ಆ ನೀರನ್ನು ರೇಡಿಯೇಟರಿಗೆ ಸುರಿಯುವ ರೂಢಿ ಅಲ್ಯೂಮಿನಿಯಂ ಎಂಜಿನ್ನಿಗೆ ವಿಷ. ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲೆಂಟನ್ನೇ ಹಾಕಿ, ಕಾರಿನ ಮೂತಿಯನ್ನು ತುಸು ಎತ್ತರಕ್ಕೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ನಿಧಾನವಾಗಿ ತುಂಬಿಸಬೇಕು. ಬಾಕ್ಸರ್ ಎಂಜಿನ್ನಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸುಲಭ. ಹೊಸ ಗ್ಯಾಸ್ಕೆಟ್ ಹಾಕಿಯೂ ಎಂಜಿನ್ ಮತ್ತೆ ಕಾಯುವುದಕ್ಕೆ ಎಷ್ಟೋ ಸಲ ಆ ಗಾಳಿಯೇ ಕಾರಣ.

ಪ್ರಶ್ನೆ: ಹಿಂದಿನ ಎರಡು ಟೈರುಗಳು ಸವೆದಿವೆ. ಎರಡನ್ನೇ ಹೊಸದಾಗಿ ಹಾಕಿಸಬಹುದೇ? ಪೆಟ್ರೋಲ್ ಉಳಿತಾಯಕ್ಕೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಡಿ ಎಂದೂ ಒಬ್ಬರು ಸಲಹೆ ಕೊಟ್ಟಿದ್ದಾರೆ.
– ಗೃಹಿಣಿ, ಕುಮಟಾ

ಉತ್ತರ: ಎರಡೂ ಬೇಡ. ಈ ಗಾಡಿಯಲ್ಲಿ ನಾಲ್ಕೂ ಚಕ್ರಗಳಿಗೆ ಸದಾಕಾಲ ಶಕ್ತಿ ಹೋಗುತ್ತಿರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ವೇಗದ ವ್ಯತ್ಯಾಸ ಅತಿಯಾಗದಂತೆ ಗೇರ್‌ಬಾಕ್ಸಿನೊಳಗಿನ ವಿಸ್ಕಸ್ ಕಪ್ಲಿಂಗ್ ತಡೆಯುತ್ತದೆ. ಅದರೊಳಗಿನ ದಪ್ಪ ಸಿಲಿಕೋನ್ ದ್ರವವು ಚಕ್ರ ಜಾರಿದ ಕೆಲವೇ ಕ್ಷಣಗಳ ಕೆಲಸಕ್ಕೆಂದು ಇರುವಂಥದು. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಇದ್ದರೆ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲೂ ಕಪ್ಲಿಂಗ್ ಬಿಡುವಿಲ್ಲದೆ ದುಡಿದು ಕಾದು ಕೆಡುತ್ತದೆ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ದರ್ಜಿಯ ಟೇಪಿನಿಂದ ಮನೆಯಲ್ಲೇ ಅಳೆಯಬಹುದು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಭಾರವೆಲ್ಲ ಅದೇ ಕಪ್ಲಿಂಗಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಈ ಗಾಡಿ ಹಿಡಿತ ಬಿಡದೆ ಏರುವುದಕ್ಕೆ ಕಾರಣವಾದುದನ್ನೇ ಬಿಚ್ಚಿಟ್ಟು ಉಳಿಸುವ ಪೆಟ್ರೋಲು ಉಳಿತಾಯವಲ್ಲ.

ಕಪ್ಲಿಂಗ್ ಸರಿಯಿದೆಯೇ ಎಂದು ನೋಡಲು, ಕಾರನ್ನು ಸ್ವಲ್ಪ ಓಡಿಸಿ ಬಿಸಿಯಾದ ಮೇಲೆ, ಸಮತಟ್ಟಾದ ಡಾಂಬರು ಜಾಗದಲ್ಲಿ ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನವಾಗಿ ಚಲಿಸಿ. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ತಡೆತಡೆದು ಸಾಗಿದರೆ ಕಪ್ಲಿಂಗ್ ಬಿಗಿದಿದೆ. ಕೆಟ್ಟು ನಿಂತಾಗ ಎರಡು ಚಕ್ರ ಎತ್ತಿ ಎಳೆದೊಯ್ಯಲು ಬಿಡಬೇಡಿ. ಕಾರಿನ ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ ಒಯ್ಯುವ ಲಾರಿಯನ್ನೇ ಕರೆಸಿ.

ಪ್ರಶ್ನೆ: ಗಾಡಿಯನ್ನು ಎತ್ತರಿಸಿ, ಅಗಲ ಟೈರು ಹಾಕಿಸಿ, ಮುಂದೆ ಟರ್ಬೊ ಎಂಜಿನ್ ಕೂಡ ಕೂರಿಸಬೇಕೆಂದಿದ್ದೇನೆ. ಬೆಲೆ ಏರುತ್ತದೆಯೇ?
– ವಿದ್ಯಾರ್ಥಿ, ಕಾರವಾರ

ಉತ್ತರ: ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಆರ್‌ಸಿಯಲ್ಲಿರುವ ತಯಾರಕರ ವಿವರಗಳಿಗೆ ಹೊರತಾದ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಫ್‌ಸಿ ಸಿಗದ, ಅಪಘಾತವಾದರೆ ವಿಮೆ ತಕರಾರಿಗೆ ಬೀಳುವ ಗಾಡಿಯನ್ನು ತಿಳಿದವರು ಕೊಳ್ಳುವುದಿಲ್ಲ. ಈ ಕಾರಿನಲ್ಲಿ ಹಣ ಹಾಕುವ ಆಸೆಯಿದ್ದರೆ ಮೂಲ ಅಳತೆಯ ಹೊಸ ಸ್ಪ್ರಿಂಗು, ಬುಷ್, ಬ್ರೇಕ್ ಹೋಸ್ ಹಾಕಿಸಿ, ಸಿಲ್‌ಗಳ ಒಳಗೆ ಮೇಣದ ದ್ರಾವಣ ಸಿಂಪಡಿಸಿ. ಕೆಲವು ಫಾರೆಸ್ಟರುಗಳ ಹಿಂಭಾಗದಲ್ಲಿ ಎತ್ತರವನ್ನು ತಾನೇ ಕಾಯ್ದುಕೊಳ್ಳುವ ಶಾಕ್ ಅಬ್ಸಾರ್ಬರ್ ಇರುತ್ತದೆ. ಅದು ಸೋತು ಸಾಮಾನ್ಯ ಶಾಕ್ ಹಾಕಿಸುವುದಾದರೆ ಸ್ಪ್ರಿಂಗನ್ನೂ ಬದಲಾಯಿಸಬೇಕು, ಇಲ್ಲವಾದರೆ ಹಿಂಭಾಗ ಕುಸಿದೇ ಇರುತ್ತದೆ.

ಪ್ರಶ್ನೆ: ನನ್ನ ಮಗ ದುಬೈಯಲ್ಲಿ ಹತ್ತು ವರ್ಷದ ಹಳೆಯ ಸುಬಾರು ಓಡಿಸುತ್ತಿದ್ದಾನೆ. ಊರಿಗೆ ತರಿಸಬಹುದೇ?
– ನಿವೃತ್ತ ವ್ಯಾಪಾರಿ, ಭಟ್ಕಳ

ಉತ್ತರ: ಸಾಧ್ಯವಿಲ್ಲ. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು ಎಂಬುದು ಆಮದಿನ ನಿಯಮ. ದುಬೈಯ ಕಾರಿನ ಸ್ಟೇರಿಂಗ್ ಎಡಗಡೆ ಇರುತ್ತದೆ. ಅಲ್ಲಿಯೇ ಮಾರಿಬರಲು ಹೇಳಿ.

ಪ್ರಶ್ನೆ: ಹಡಗಿನ ಕೆಲಸದಿಂದಾಗಿ ಮಳೆಗಾಲವಿಡೀ ಊರಲ್ಲಿರುವುದಿಲ್ಲ. ಗಾಡಿ ಮನೆಯಲ್ಲೇ ನಿಂತಿರುತ್ತದೆ. ಏನು ಮಾಡಬೇಕು?
– ಹೊನ್ನಾವರದ ಓದುಗರು

ಉತ್ತರ: ಪ್ಲಾಸ್ಟಿಕ್ ತಾಡಪಾಲು ಹೊದಿಸಬೇಡಿ, ಸೂರಿನ ಕೆಳಗೆ ಗಾಳಿಯಾಡುವಂತೆ ನಿಲ್ಲಿಸಿ. ಹೋಗುವ ಮೊದಲು ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ, ಪೂರ್ತಿ ಒಣಗಿಸಿ, ಒಳಗಿನ ಮ್ಯಾಟುಗಳನ್ನು ಎತ್ತಿಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವದಲ್ಲಿ ಅದು ಹಿಡಿದುಕೊಳ್ಳುತ್ತದೆ, ಚಕ್ರಕ್ಕೆ ಮರದ ಅಡ್ಡೆ ಕೊಡಿ. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ಆದ್ದರಿಂದ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಹಳೆಯ ಪೆಟ್ರೋಲ್ ಹೋಸುಗಳನ್ನು ಎಥನಾಲ್ ತಡೆಯುವ ಹೋಸಿಗೆ ಬದಲಾಯಿಸುವುದು ಇನ್ನೂ ಒಳ್ಳೆಯದು. ಮನೆಯವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸುವುದರಿಂದ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆಯೇ ಹೊರತು ಪ್ರಯೋಜನವಿಲ್ಲ. ನಂಬಿಕೆಯ ಚಾಲಕರು ಸಿಕ್ಕಿದರೆ ಹದಿನೈದು ದಿನಕ್ಕೊಮ್ಮೆ ಗೇರುಸೊಪ್ಪೆಯವರೆಗೆ ಹೋಗಿಬರಲು ಹೇಳಿ. ಯಾರೂ ಸಿಗದಿದ್ದರೆ ಬ್ಯಾಟರಿಯ ತಂತಿ ಬಿಚ್ಚಿ, ಟೈರಿಗೆ ತುಸು ಹೆಚ್ಚು ಗಾಳಿ ತುಂಬಿಸಿ ಹಾಗೆಯೇ ಬಿಡಿ.