ತಂತಿ ಎಲ್ಲಿಂದ ಎಲ್ಲಿಗೆ? ಮಾಡ್ಯುಲರ್ ಸಿಂಥ್ ಪ್ರಶ್ನೋತ್ತರ

ಈ ಸಲದ ಪತ್ರಗಳೆಲ್ಲ ಯುರೋರ್ಯಾಕ್ ಬಗ್ಗೆಯೇ. ಗೊತ್ತಿಲ್ಲದವರಿಗೆ ಎರಡು ಮಾತು: ನಾದ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಏರಿಳಿತ ಕೊಡುವ ಎನ್ವಲಪ್ ಎಂದು ಸಿಂಥಸೈಜರನ್ನು ಬಿಡಿಬಿಡಿಯಾಗಿ ಕೊಂಡು, 3.5 ಮಿ.ಮೀ. ಪ್ಯಾಚ್ ಕೇಬಲ್‌ಗಳಿಂದ ಬೇಕಾದಂತೆ ಜೋಡಿಸಿಕೊಳ್ಳುವ ಪದ್ಧತಿ ಇದು. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವೆ ತಂದ ಎ-100 ಸರಣಿಯ ಅಳತೆಗಳನ್ನೇ ಇಂದು ಎಲ್ಲರೂ ಪಾಲಿಸುತ್ತಾರೆ. ಸ್ವರ ಒಂದು ಸ್ಥಾಯಿ ಏರಲು 1 ವೋಲ್ಟ್ ಬೇಕು. ಅಂದರೆ ಕೀಬೋರ್ಡಿನ ಒಂದು ಮನೆಗೆ 83.3 ಮಿಲಿವೋಲ್ಟ್. ಈ ಅಂಕಿ ಕೆಳಗೆ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: 84 ಎಚ್‌ಪಿ (ಅಗಲದ ಅಳತೆ) ಕೇಸಿನಲ್ಲಿ ಒಂದು ಆಸಿಲೇಟರ್, ಒಂದು ಫಿಲ್ಟರ್, ಒಂದು ವಿಸಿಎ, 8 ಹೆಜ್ಜೆಯ ಸೀಕ್ವೆನ್ಸರ್ (ಸ್ವರಗಳನ್ನು ಸಾಲಾಗಿ ನುಡಿಸುವುದು) ಮತ್ತು ಮೇಕ್ ನಾಯ್ಸ್ ಕಂಪನಿಯ ಮ್ಯಾಥ್ಸ್ (ಏರಿಳಿಯುವ ವೋಲ್ಟೇಜ್ ಹುಟ್ಟಿಸುವುದು) ಇವೆ. ಇನ್ನು 16 ಎಚ್‌ಪಿ ಜಾಗ ಉಳಿದಿದೆ. ಎರಡನೇ ಆಸಿಲೇಟರ್ ಕೊಳ್ಳಲೇ? (ಮೈಸೂರು)

ಬೇಡ. ಎರಡನೇ ಆಸಿಲೇಟರ್ ಆಗಲೇ ನಿಮ್ಮ ಕೇಸಿನಲ್ಲಿದೆ. ಮ್ಯಾಥ್ಸ್‌ನ 1ನೇ ಅಥವಾ 4ನೇ ಚಾನೆಲ್ಲಿನ ಸೈಕಲ್ ಗುಂಡಿ ಒತ್ತಿ, ರೈಸ್ (ಏರುವ ಸಮಯ) ಮತ್ತು ಫಾಲ್ (ಇಳಿಯುವ ಸಮಯ) ಎರಡನ್ನೂ ಪೂರ್ತಿ ಎಡಕ್ಕೆ ತಿರುಗಿಸಿದರೆ ಅದು ಸುಮಾರು 1 ಕಿಲೋಹರ್ಟ್ಸ್‌ವರೆಗೆ ಓಡುತ್ತದೆ. ಶ್ರುತಿ ಹಿಡಿದು ನಿಲ್ಲುವುದಿಲ್ಲ, ನಿಜ. ಆದರೆ ಇನ್ನೊಂದು ಆಸಿಲೇಟರಿನ ಎಫ್‌ಎಂ (ಹೊರಗಿನ ವೋಲ್ಟೇಜಿನಿಂದ ಸ್ವರವನ್ನು ಅಲುಗಿಸುವ) ಇನ್‌ಪುಟ್ಟಿಗೆ ಹಾಕಿ ಗಂಟೆಯಂಥ, ತಗಡಿನಂಥ ನಾದ ತೆಗೆಯಲು ಧಾರಾಳವಾಯಿತು.

ಆ 16 ಎಚ್‌ಪಿ, ಅಂದರೆ ಸುಮಾರು 81 ಮಿ.ಮೀ. ಜಾಗಕ್ಕೆ ನಾಲ್ಕು ಚಾನೆಲ್ಲಿನ ವಿಸಿಎ ಒಂದು, ಅಟೆನ್ಯುವರ್ಟರ್ (ವೋಲ್ಟೇಜನ್ನು ತಗ್ಗಿಸುವ, ತಲೆಕೆಳಗು ಮಾಡುವ ನಾಬ್) ಒಂದು ಹಾಕಿ. ನೋಡಲು ಸಪ್ಪೆ ಮಾಡ್ಯೂಲ್‌ಗಳು. ಅಂಗಡಿಯ ವಿಡಿಯೋಗಳಲ್ಲಿ ಇವುಗಳ ಮುಖವೇ ಕಾಣುವುದಿಲ್ಲ. ಆದರೆ ವಿಸಿಎ ಅಂದರೆ ವೋಲ್ಟೇಜಿನಿಂದ ತಿರುಗುವ ನಲ್ಲಿ. ಅದರಲ್ಲಿ ಸದ್ದು ಮಾತ್ರವಲ್ಲ, ಯಾವ ವೋಲ್ಟೇಜನ್ನು ಬೇಕಾದರೂ ಹರಿಸಬಹುದು. ನಿಧಾನದ ಅಲೆ ಕೊಡುವ ಎಲ್‌ಎಫ್‌ಒವನ್ನು ವಿಸಿಎ ಮೂಲಕ ಪಿಚ್‌ಗೆ ಕೊಟ್ಟು, ಆ ನಲ್ಲಿಯನ್ನು ನಿಧಾನ ಏರುವ ಎನ್ವಲಪ್ಪಿನಿಂದ ತೆರೆಯಿರಿ. ಸ್ವರ ಮೊದಲು ನೇರವಾಗಿ ನಿಂತು, ಆಮೇಲೆ ಅಲುಗಲು ಶುರುವಾಗುತ್ತದೆ.

ಕೊಳ್ಳುವ ಮುನ್ನ ವಿಸಿವಿ ರ್ಯಾಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪ್ರಯತ್ನಿಸಿ. ಮಾಡ್ಯೂಲ್ ತಯಾರಿಸುತ್ತಿದ್ದ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಆದರೆ ಅದರ ವಿನ್ಯಾಸಗಳು ಮುಕ್ತವಾದ್ದರಿಂದ ಪ್ಲೇಟ್ಸ್, ರಿಂಗ್ಸ್, ಕ್ಲೌಡ್ಸ್‌ಗಳ ರೂಪಗಳು ಅಲ್ಲಿ ‘ಆಡಿಬಲ್ ಇನ್‌ಸ್ಟ್ರುಮೆಂಟ್ಸ್’ ಹೆಸರಲ್ಲಿ ಸಿಗುತ್ತವೆ.

ಪ್ರಶ್ನೆ: ಗಮಕ ತರಲು ಎಲ್‌ಎಫ್‌ಒ ಹಾಕಿದರೆ ಹಳೆಯ ಸಿನಿಮಾದ ವಯಲಿನ್ ಥರ ಕೇಳಿಸುತ್ತದೆ. ಬೇರೆ ದಾರಿ ಇದೆಯೇ? (ಧಾರವಾಡ)

ಎಲ್‌ಎಫ್‌ಒ ಸ್ವರದ ಮೇಲಕ್ಕೂ ಕೆಳಕ್ಕೂ ಒಂದೇ ಸಮ ತೂಗುತ್ತದೆ, ಸ್ವರ ಹುಟ್ಟುವ ಮೊದಲೇ ತೂಗುತ್ತಿರುತ್ತದೆ. ಕಂಪಿತ ಎಂಬ ಗಮಕ ಹಾಗಲ್ಲ. ಅದು ಒಂದು ಸ್ವರದಿಂದ ಹೊರಟು ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ, ಅದೂ ಸ್ವರ ನಿಂತ ಮೇಲೆ. ಮ್ಯಾಥ್ಸ್ ಒಂದರಲ್ಲೇ ಇದನ್ನು ಕಟ್ಟಬಹುದು.

ಸೀಕ್ವೆನ್ಸರಿನ ಪಿಚ್ ನೇರವಾಗಿ ಆಸಿಲೇಟರಿನ ವೋಲ್ಟ್-ಆಕ್ಟೇವ್ ಇನ್‌ಪುಟ್ಟಿಗೆ ಹೋಗಲಿ, ಅದನ್ನು ಮುಟ್ಟಬೇಡಿ. ಸೀಕ್ವೆನ್ಸರಿನ ಗೇಟನ್ನು (ಸ್ವರ ಇರುವಷ್ಟು ಹೊತ್ತು ಮೇಲಿರುವ ವೋಲ್ಟೇಜ್) ಮ್ಯಾಥ್ಸ್‌ನ 4ನೇ ಚಾನೆಲ್ಲಿನ ಟ್ರಿಗ್ ಇನ್‌ಪುಟ್ಟಿಗೆ ಕೊಡಿ. ರೈಸ್ ಮತ್ತು ಫಾಲ್ ಸೇರಿ ಸುಮಾರು 300 ಮಿಲಿಸೆಕೆಂಡ್ ಆಗುವಂತೆ ಇಡಿ. ಈ ಚಾನೆಲ್ಲಿನ ಇಒಸಿ (ಚಕ್ರದ ಕೊನೆ) ಔಟ್‌ಪುಟ್ ಕೆಲಸವಿಲ್ಲದಾಗ ಮೇಲೇ ಇರುತ್ತದೆ. ಟ್ರಿಗರ್ ಬಂದೊಡನೆ ಬಿದ್ದು, ಚಕ್ರ ಮುಗಿದ ಮೇಲೆ ಮತ್ತೆ ಏಳುತ್ತದೆ. ಅದನ್ನು 1ನೇ ಚಾನೆಲ್ಲಿನ ಸೈಕಲ್ ಇನ್‌ಪುಟ್ಟಿಗೆ ಹಾಕಿ. ಈಗ ಪ್ರತಿ ಸ್ವರವೂ 300 ಮಿಲಿಸೆಕೆಂಡ್ ಸುಮ್ಮನೆ ನಿಂತು, ಆಮೇಲೆ 1ನೇ ಚಾನೆಲ್ ತಿರುಗಲು ತೊಡಗುತ್ತದೆ. ಅದರ ರೈಸ್ 80, ಫಾಲ್ 120 ಮಿಲಿಸೆಕೆಂಡಿನಿಂದ ಶುರುಮಾಡಿ ಕಿವಿಯಿಂದ ತಿದ್ದಿ. ಮುಂದಿನ ಸ್ವರ ಬಂದಾಗ ಅರ್ಧಕ್ಕಿದ್ದ ಅಲೆ ಥಟ್ಟನೆ ಕತ್ತರಿಸುವುದಿಲ್ಲ, ಇಳಿದು ಮುಗಿಯುತ್ತದೆ. ಹಾಗಾಗಿ ಒಂದು ಸಣ್ಣ ಜಾರು ಪುಕ್ಕಟೆ ಸಿಗುತ್ತದೆ.

ಎಡವುವ ಜಾಗ ಇಲ್ಲಿದೆ. 1ನೇ ಚಾನೆಲ್ಲಿನ ಯೂನಿಟಿ ಔಟ್‌ಪುಟ್ ಹೆಚ್ಚುಕಮ್ಮಿ 8 ವೋಲ್ಟಿನಷ್ಟು ಏರುತ್ತದೆ. ನಿಮಗೆ ಬೇಕಾದ್ದು ಎರಡು ಮನೆ, ಅಂದರೆ 167 ಮಿಲಿವೋಲ್ಟ್. ಆ ಎಂಟರಲ್ಲಿ ಸುಮಾರು ಎರಡು ಶೇಕಡಾ, ಅಷ್ಟೇ. ಒಂದೇ ನಾಬಿನಲ್ಲಿ ಅಷ್ಟು ಇಳಿಸಲು ಹೋದರೆ ಕೂದಲೆಳೆ ತಿರುಗಿಸಿದರೂ ಸ್ವರ ನೆಗೆಯುತ್ತದೆ. ಆದ್ದರಿಂದ ಹೊರಗೊಂದು ಅಟೆನ್ಯುಯೇಟರಿನಲ್ಲಿ ಹತ್ತನೇ ಒಂದಕ್ಕೆ ತಗ್ಗಿಸಿ, ಉಳಿದದ್ದನ್ನು ಆಸಿಲೇಟರಿನ ಎಫ್‌ಎಂ ನಾಬಿನಲ್ಲಿ ಹೊಂದಿಸಿ. ಎಕ್ಸ್‌ಪೊನೆನ್ಷಿಯಲ್ ಎಫ್‌ಎಂ ಇನ್‌ಪುಟ್ಟನ್ನೇ ಬಳಸಿ. ಲೀನಿಯರ್ ಇನ್‌ಪುಟ್ಟುಗಳಲ್ಲಿ ಎಷ್ಟೋ ಎಸಿ ಕಪಲಿಂಗ್ ಇರುವಂಥವು. ನಿಧಾನದ ವೋಲ್ಟೇಜನ್ನು ಅವು ನುಂಗಿಬಿಡುತ್ತವೆ. ಗೇಟುಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಕೆಳಗೆ ಬೀಳದಿದ್ದರೆ 4ನೇ ಚಾನೆಲ್ಲಿಗೆ ಹೊಸ ಸ್ವರ ಬಂದದ್ದೇ ತಿಳಿಯುವುದಿಲ್ಲ. ಗೇಟ್ ಉದ್ದವನ್ನು ಅರ್ಧಕ್ಕೆ ಇಳಿಸಿ.

ಬರೀ ಜಾರು ಸಾಕೆಂದರೆ ಪಿಚ್ಚನ್ನು ಸ್ಲೂ ಲಿಮಿಟರಿನಲ್ಲಿ (ವೋಲ್ಟೇಜಿನ ನೆಗೆತವನ್ನು ನಿಧಾನಗೊಳಿಸುವುದು) ಹಾಯಿಸಿ. ಪಿಚ್ಚನ್ನು ಹತ್ತಿರದ ಸ್ವರಕ್ಕೆ ಕೂರಿಸುವ ಕ್ವಾಂಟೈಜರ್ ಇದ್ದರೆ ಸ್ಲೂ ಅದರ ನಂತರ ಬರಬೇಕು. ಮೊದಲೇ ಇಟ್ಟರೆ ಜಾರುವ ಬದಲು ಮೆಟ್ಟಿಲಿಳಿದಂತೆ ಕೇಳುತ್ತದೆ.

ಪ್ರಶ್ನೆ: ತಂಬೂರಿ ಮತ್ತು ಅಂತರ ಗಾಂಧಾರ ಎರಡೂ ಟ್ಯೂನರಿನಲ್ಲಿ ಸರಿ ತೋರಿಸುತ್ತವೆ. ಕೂಡಿಸಿದರೆ ಕಿವಿಗೆ ಕೂರುವುದಿಲ್ಲ. (ಬೆಂಗಳೂರು)

ತಪ್ಪು ಟ್ಯೂನರಿನದೇ. ಅದು ಹೇಳುವುದು ಪಿಯಾನೊದ ಗಾಂಧಾರ: ಷಡ್ಜದಿಂದ 400 ಸೆಂಟ್ (ಒಂದು ಮನೆಗೆ 100 ಸೆಂಟ್), 0.333 ವೋಲ್ಟ್. ತಂಬೂರಿಯ ಷಡ್ಜದೊಳಗಿಂದಲೇ ಕೇಳುವ ಗಾಂಧಾರ 5:4ರದ್ದು: 386 ಸೆಂಟ್, 0.322 ವೋಲ್ಟ್. ವ್ಯತ್ಯಾಸ ಬರೀ 11.4 ಮಿಲಿವೋಲ್ಟ್. ಆದರೆ 130.8 ಹರ್ಟ್ಸ್ ಷಡ್ಜದ ಐದನೇ ಉಪಸ್ವರ 654 ಹರ್ಟ್ಸ್, ಪಿಯಾನೊ ಗಾಂಧಾರದ ನಾಲ್ಕನೆಯದು 659. ಅವೆರಡು ಗುದ್ದಾಡಿ ಸೆಕೆಂಡಿಗೆ ಐದು ಸಲ ಮಿಡಿಯುತ್ತವೆ. ನಿಮ್ಮ ಕಿವಿಗೆ ಚುಚ್ಚುತ್ತಿರುವುದು ಅದೇ.

ಶ್ರುತಿ ಸೇರಿಸುವಾಗ ಎರಡು ಆಸಿಲೇಟರಿನಿಂದಲೂ ಸಾ-ಟೂತ್ ಅಲೆ ತೆಗೆಯಿರಿ. ಸೈನ್ ಅಲೆಗೆ ಉಪಸ್ವರಗಳಿಲ್ಲ, ಮಿಡಿತ ಕೇಳುವುದೇ ಇಲ್ಲ. ಮಿಡಿತ ನಿಧಾನವಾಗುತ್ತಾ ನಿಲ್ಲುವವರೆಗೆ ಗಾಂಧಾರವನ್ನು ಇಳಿಸಿ. ಕ್ವಾಂಟೈಜರನ್ನು ದಾರಿಯಿಂದ ತೆಗೆಯಿರಿ, ಇಲ್ಲವಾದರೆ ಆ 11 ಮಿಲಿವೋಲ್ಟನ್ನು ಅದು ಮತ್ತೆ ಮತ್ತೆ ‘ಸರಿಪಡಿಸುತ್ತದೆ’. ಸೀಕ್ವೆನ್ಸರಿನ ನಾಬ್ 0ರಿಂದ 5 ವೋಲ್ಟಿನದಾದರೆ, 300 ಡಿಗ್ರಿ ತಿರುಗುವ ನಾಬಿನಲ್ಲಿ ಇದು ಒಂದು ಡಿಗ್ರಿಗೂ ಕಡಿಮೆ. ಕೈಯಲ್ಲಿ ಆಗುವ ಕೆಲಸವಲ್ಲ. ಅಟೆನ್ಯುಯೇಟರಿನಿಂದ ವ್ಯಾಪ್ತಿಯನ್ನು 1 ವೋಲ್ಟಿಗೆ ಇಳಿಸಿದರೆ ಮೂರೂವರೆ ಡಿಗ್ರಿ ಆಗುತ್ತದೆ, ಆಗ ಆದೀತು.

ತಂಬೂರಿಗೂ ಆ 1 ವೋಲ್ಟ್ ಸಾಕು. ನಾಲ್ಕು ಹೆಜ್ಜೆ: ಪಂಚಮ 0.585, ಷಡ್ಜ 1, ಷಡ್ಜ 1, ಮಂದ್ರ ಷಡ್ಜ 0. ತಂತಿಯಂತೆ ಮೊಳಗುವ ರಿಂಗ್ಸ್ ಇದ್ದರೆ ಅದನ್ನು ನಾಲ್ಕು ಧ್ವನಿಗೆ ಹಾಕಿ, ಸೀಕ್ವೆನ್ಸರಿನ ಗೇಟನ್ನು ಸ್ಟ್ರಮ್‌ಗೆ ಕೊಡಿ. ಒಂದು ತಂತಿ ಮೀಟುವಾಗ ಹಿಂದಿನವು ಇನ್ನೂ ಮೊಳಗುತ್ತಿರುತ್ತವೆ. ಒಂದೇ ಧ್ವನಿಯಲ್ಲಿ ಬಿಟ್ಟರೆ ಪ್ರತಿ ಮೀಟಿಗೂ ಹಿಂದಿನ ತಂತಿ ಸತ್ತುಹೋಗುತ್ತದೆ, ತಂಬೂರಿಯಾಗುವುದಿಲ್ಲ.

ಪ್ರಶ್ನೆ: ಪಿಚ್ ವೋಲ್ಟೇಜನ್ನು ಕವಲು ಕೇಬಲ್ಲಿನಲ್ಲಿ ಎರಡು ಆಸಿಲೇಟರಿಗೆ ಹಂಚಿದರೆ ಮೇಲಿನ ಸ್ಥಾಯಿಯಲ್ಲಿ ಎರಡೂ ಶ್ರುತಿ ತಪ್ಪುತ್ತವೆ. (ಸಿಂಗಪುರ)

ಔಟ್‌ಪುಟ್ಟಿನೊಳಗೆ ಸಾಮಾನ್ಯವಾಗಿ 1 ಕಿಲೋಓಮ್, ಇನ್‌ಪುಟ್ಟಿನಲ್ಲಿ 100 ಕಿಲೋಓಮ್ ಇರುತ್ತದೆ. ಒಂದು ಇನ್‌ಪುಟ್ ಹಾಕಿದರೆ ಸುಮಾರು ಶೇ 1, ಎರಡು ಹಾಕಿದರೆ ಶೇ 2 ಕುಸಿಯುತ್ತದೆ. 3 ವೋಲ್ಟಿನಲ್ಲಿ ಆ ಎರಡನೇ ಇನ್‌ಪುಟ್ಟಿನ ಪಾಲು 29 ಮಿಲಿವೋಲ್ಟ್, ಅಂದರೆ ಒಂದು ಮನೆಯ ಮೂರನೇ ಒಂದು ಭಾಗ. 0 ವೋಲ್ಟಿನ ಹತ್ತಿರ ಏನೂ ಆಗದು, ಅದಕ್ಕೇ ಕೆಳಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ವೋಲ್ಟೇಜ್ ಕುಸಿಯದಂತೆ ಹಂಚುವ ಬಫರ್ಡ್ ಮಲ್ಟಿಪಲ್ ಹಾಕಿ. ಗೇಟ್, ಕ್ಲಾಕ್‌ಗಳಿಗೆ ಕವಲು ಕೇಬಲ್ಲೇ ಸಾಕು. ಒಂದು ಔಟ್‌ಪುಟ್ಟನ್ನು ಹಲವು ಕಡೆ ಹಂಚಬಹುದು, ಎರಡು ಔಟ್‌ಪುಟ್ಟುಗಳನ್ನು ಒಂದೇ ಕವಲಿಗೆ ಸೇರಿಸಬಾರದು. ಅದಕ್ಕೆ ಮಿಕ್ಸರ್ ಇದೆ.

ಪ್ರಶ್ನೆ: 8 ಹೆಜ್ಜೆಯ ಸೀಕ್ವೆನ್ಸರಿನಲ್ಲಿ ಮಿಶ್ರ ಚಾಪು ಆಗುತ್ತದೆಯೇ? (ಶಿವಮೊಗ್ಗ)

ಹೆಜ್ಜೆಗೊಂದು ಗೇಟ್ ಔಟ್ ಇದ್ದರೆ ಆಗುತ್ತದೆ. 8ನೆಯದರ ಗೇಟನ್ನು ರೀಸೆಟ್‌ಗೆ ಹಾಕಿ. ಎಂಟಕ್ಕೆ ಕಾಲಿಟ್ಟೊಡನೆ ಒಂದಕ್ಕೆ ಹಾರುತ್ತದೆ, ಏಳೇ ಉಳಿಯುತ್ತವೆ. ಎಂಟೂ ನುಡಿದರೆ ನಿಮ್ಮ ಸೀಕ್ವೆನ್ಸರ್ ರೀಸೆಟ್ಟಿಗೆ ಮುಂದಿನ ಕ್ಲಾಕ್‌ವರೆಗೆ ಕಾಯುವ ಜಾತಿಯದು. 7ನೆಯದರ ಗೇಟನ್ನು ಬಳಸಿ. ಪೆಟ್ಟುಗಳನ್ನು 1, 4, 6ರಿಂದ ತೆಗೆಯಿರಿ: 3+2+2. ಖಂಡ ಚಾಪಿಗೆ 6ನೆಯದು ರೀಸೆಟ್, ಪೆಟ್ಟು 1 ಮತ್ತು 3.

ಹೊರಗಿನಿಂದ ಕ್ಲಾಕ್, ರೀಸೆಟ್ ಎರಡೂ ಒಂದೇ ಕ್ಷಣಕ್ಕೆ ಬಂದರೆ ಕೆಲವು ಸೀಕ್ವೆನ್ಸರ್‌ಗಳು ಎರಡನೇ ಹೆಜ್ಜೆಯಿಂದ ಶುರುವಾಗುತ್ತವೆ. ಮೊದಲು ರೀಸೆಟ್ ಆಗಿ, ಅದೇ ಕ್ಲಾಕಿಗೆ ಮುಂದೆ ಹೆಜ್ಜೆ ಇಟ್ಟಿರುತ್ತವೆ. ರೀಸೆಟ್ಟನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ ಕೊಟ್ಟರೆ ಸರಿಹೋಗುತ್ತದೆ.

ಕ್ಲಾಕನ್ನು ಭಾಗಿಸುವ ಡಿವೈಡರ್ ಇಲ್ಲದವರಿಗೆ ಇನ್ನೊಂದು: ಮ್ಯಾಥ್ಸ್ ಏರುತ್ತಿರುವಾಗ ಬಂದ ಟ್ರಿಗರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಳಿಯುವಾಗ ಬಂದದ್ದನ್ನು ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 120ರ ಕ್ಲಾಕಿನಲ್ಲಿ ಪೆಟ್ಟಿನ ಅಂತರ 500 ಮಿಲಿಸೆಕೆಂಡ್. ರೈಸ್ 750 ಇಟ್ಟರೆ ಎರಡಕ್ಕೊಂದು, 1250 ಇಟ್ಟರೆ ಮೂರಕ್ಕೊಂದು ಪೆಟ್ಟು.

ಪ್ರಶ್ನೆ: ಆಸಿಲೇಟರ್ ಇಲ್ಲದೆ ಫಿಲ್ಟರಿನಿಂದಲೇ ಮದ್ದಳೆಯಂಥ ಪೆಟ್ಟು ತೆಗೆಯಬಹುದಂತೆ. ನನಗೆ ಒಂದು ಪೆಟ್ಟಿಗೆ ಎರಡು ಕೇಳುತ್ತವೆ. (ಉಡುಪಿ)

ನೀವು ಕ್ಷಣಮಾತ್ರದ ಟ್ರಿಗರ್ ಬದಲು ಉದ್ದದ ಗೇಟ್ ಕೊಡುತ್ತಿದ್ದೀರಿ. ಏರುವ ಅಂಚೂ ಹೊಡೆಯುತ್ತದೆ, ಇಳಿಯುವ ಅಂಚೂ ಹೊಡೆಯುತ್ತದೆ. ಗೇಟಿನ ತುದಿಗೆ 47 ನ್ಯಾನೊಫ್ಯಾರಡ್ ಕೆಪಾಸಿಟರ್, ಅದರ ಆಚೆ ಬದಿಯಿಂದ ನೆಲಕ್ಕೆ 100 ಕಿಲೋಓಮ್ ರೆಸಿಸ್ಟರ್, ಅದೇ ಬಿಂದುವಿನಿಂದ ಹೊರಕ್ಕೆ ಒಂದು 1ಎನ್4148 ಡಯೋಡ್, ಪಟ್ಟಿಯಿರುವ ತುದಿ ಔಟ್‌ಪುಟ್ ಕಡೆಗೆ. ಇಳಿಯುವ ಅಂಚಿನ ಋಣ ಚೂಪನ್ನು ಡಯೋಡ್ ತಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಇವು ಸಿಗುತ್ತವೆ.

ಇದನ್ನು ಫಿಲ್ಟರಿನ ಆಡಿಯೋ ಇನ್‌ಪುಟ್ಟಿಗೇ ಕೊಡಿ. ರೆಸೊನೆನ್ಸನ್ನು ಫಿಲ್ಟರ್ ತಾನೇ ಶಿಳ್ಳೆ ಹಾಕುವವರೆಗೆ ಏರಿಸಿ, ಅಲ್ಲಿಂದ ಒಂದು ಕೂದಲು ಹಿಂದಕ್ಕೆ. ಬರೀ ‘ಟಿಕ್’ ಎಂದರೆ ಇನ್ನೂ ಏರಿಸಬೇಕು, ನಿಲ್ಲದೆ ಕೂಗಿದರೆ ಇಳಿಸಬೇಕು. ಕಟ್‌ಆಫ್ 80 ಹರ್ಟ್ಸ್ ಆಸುಪಾಸು ಇಟ್ಟು, ಅದೇ ಪೆಟ್ಟಿನಿಂದ 70 ಮಿಲಿಸೆಕೆಂಡಿನ ಎನ್ವಲಪ್ ಒಂದನ್ನು ಕಟ್‌ಆಫ್‌ಗೆ ಸ್ವಲ್ಪವೇ ಬೆರೆಸಿ. ಚರ್ಮ ಮೊದಲು ಬಿಗಿದು ಆಮೇಲೆ ಸಡಿಲಿದಂತೆ ‘ಧೋಂ’ ಎನ್ನುತ್ತದೆ.

ಪ್ರಶ್ನೆ: ಪವರ್ ಕೇಬಲ್ ಉಲ್ಟಾ ಹಾಕಿದೆ, ಸುಟ್ಟ ವಾಸನೆ ಬಂತು. ಮುಂದೇನು? (ಹುಬ್ಬಳ್ಳಿ)

ಮತ್ತೊಮ್ಮೆ ಹಾಕಿ ‘ನೋಡಬೇಡಿ’. ಆ ಮಾಡ್ಯೂಲ್ ತೆಗೆದು, ಮಿಕ್ಕವನ್ನೂ ಬಿಚ್ಚಿ, ಪವರ್ ಹಂಚುವ ಖಾಲಿ ಬಸ್ ಬೋರ್ಡಿನಲ್ಲಿ +12, -12 ವೋಲ್ಟ್ ಸರಿ ಇದೆಯೇ ಮೀಟರಿನಲ್ಲಿ ನೋಡಿ. ಇದ್ದರೆ ಸಪ್ಲೈ ಬದುಕಿದೆ. ಮಾಡ್ಯೂಲಿನ +12 ಮತ್ತು -12 ಎರಡಕ್ಕೂ ನೆಲದೊಂದಿಗೆ ರೆಸಿಸ್ಟೆನ್ಸ್ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಒಳಗೆ ಶಾರ್ಟ್. ಮೊದಲು ರಕ್ಷಣೆಯ ಡಯೋಡ್, ಆಮೇಲೆ ಆಪ್ ಆಂಪ್‌ಗಳನ್ನು ಅನುಮಾನಿಸಿ. ಕೇಬಲ್ಲಿನ ಕೆಂಪು ಗೆರೆ ಅಂದರೆ -12, +12 ಅಲ್ಲ. ಕೆಂಪು ಕಂಡರೆ ಪ್ಲಸ್ ಎಂದು ಕೈಗೆ ಬಂದ ಅಭ್ಯಾಸವೇ ಇಲ್ಲಿ ಮೋಸ ಮಾಡುವುದು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಯಂತ್ರ ಮೊದಲೇ ಇತ್ತೇ? ಅದನ್ನು ಯುರೋರ್ಯಾಕ್‌ಗೆ ಜೋಡಿಸಲು ಸಾಧ್ಯವೇ? (ಮಂಗಳೂರು)

1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಮಾಡ್ಯುಲರ್ ಸಿಂಥ್ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಆ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು. ಜೋಡಿಸುವ ಮಾತಿಗೆ ಬಂದರೆ, ಮೂಗ್‌ನ ಪಿಚ್ಚೂ ಸ್ಥಾಯಿಗೆ 1 ವೋಲ್ಟೇ, ಅದು ನೇರ ನಡೆಯುತ್ತದೆ. ತೊಡಕು ಗೇಟಿನದು. ಹಳೆಯ ಮೂಗ್‌ಗಳದು ಎಸ್-ಟ್ರಿಗರ್: ವೋಲ್ಟೇಜ್ ಏರಿದಾಗ ಅಲ್ಲ, ತಂತಿ ನೆಲಕ್ಕೆ ತಾಗಿದಾಗ ಸ್ವರ ಹುಟ್ಟುತ್ತದೆ. ನಡುವೆ ಒಂದು ಟ್ರಾನ್ಸಿಸ್ಟರಿನ ಪರಿವರ್ತಕ ಬೇಕು.