ಅಜ್ಜಿಯ ವೋಟು, ದೊಡ್ಡಪ್ಪನ ಜೈಲು

ಪ್ರಶ್ನೆ: ಇಂದಿರಾ ಗಾಂಧಿಯವರ ಜೀವನವನ್ನು ಆಧರಿಸಿದ ಚಲನಚಿತ್ರವೊಂದನ್ನು ಮನೆಯವರೆಲ್ಲ ಕೂಡಿ ನೋಡಿದೆವು. ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದ, 1978ರಲ್ಲಿ ಅವರಿಗೇ ವೋಟು ಹಾಕಿದ ನಮ್ಮ ಅಜ್ಜಿ, "ನಮ್ಮ ಇಂದಿರಮ್ಮ ಹೀಗಿರಲಿಲ್ಲ" ಎಂದು ಅರ್ಧಕ್ಕೇ ಎದ್ದುಹೋದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ದೊಡ್ಡಪ್ಪ, "ತೋರಿಸಿದ್ದು ಏನೇನೂ ಸಾಲದು" ಎಂದರು. ಇಂಥ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮುಚ್ಚಿದ ಕೋಣೆಯಲ್ಲಿ ಯಾರು ಏನು ಮಾತಾಡಿದರೆಂಬುದಕ್ಕೆ ದಾಖಲೆ ಸಿಗುವುದಿಲ್ಲವಾದ್ದರಿಂದ, ಸಂಭಾಷಣೆಯನ್ನು ಕಲ್ಪಿಸಿಕೊಂಡಿದ್ದಕ್ಕೆ ನಾವು ನಿರ್ದೇಶಕರನ್ನು ದೂರುವುದಿಲ್ಲ. ಆದರೆ ನಡೆದ ಘಟನೆಯನ್ನು ತೋರಿಸಿ, ಅದರ ಕಾರಣವನ್ನು ಕೈಬಿಟ್ಟಿದ್ದರೆ ಅಂಥ ಚಿತ್ರವನ್ನು ನಂಬಬೇಡಿ.

ನಿಮ್ಮ ಊರಿನ ಉಪಚುನಾವಣೆಯನ್ನೇ ನೋಡಿ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗಾಗಿ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿದರು. 1978ರ ನವೆಂಬರಿನಲ್ಲಿ ಇಂದಿರಾ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಇದನ್ನು ಬರಿಯ ಅಲೆಯೆಂದು ತೋರಿಸಿದರೆ ಸುಳ್ಳಾಗುತ್ತದೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲೂ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಅದಕ್ಕೇ ದಕ್ಕಿದ್ದವು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಗೇಣಿ ಗದ್ದೆ ಉಳುವವರ ಹೆಸರಿಗೆ ಬರತೊಡಗಿತ್ತು. ತೋಟಗಳಿಗೆ ಆ ಕಾಯಿದೆಯಲ್ಲಿ ವಿನಾಯಿತಿ ಇದ್ದುದರಿಂದ ನಿಮ್ಮ ಅಜ್ಜಿಗೆ ಅಂಗೈಯಗಲ ನೆಲವೂ ಬಂದಿರಲಾರದು. ಆದರೂ ಅವರೇಕೆ ವೋಟು ಹಾಕಿದರೆಂಬುದನ್ನು ತಿಳಿಯಲು ಯತ್ನಿಸದ ಚಿತ್ರ ನಮ್ಮ ಪಾಲಿಗೆ ಅಪೂರ್ಣ.

ದೊಡ್ಡಪ್ಪನವರ ಸಿಟ್ಟೂ ಅಷ್ಟೇ ನ್ಯಾಯವಾದದ್ದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಇಂದಿರಾ ಅವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದ ಎರಡು ವಾರಗಳೊಳಗೆ ತುರ್ತುಪರಿಸ್ಥಿತಿ ಬಂತು. ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಒಳಗೆ ಹಾಕಿದರು. ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ದಿಲ್ಲಿಯ ಬೀದಿಗಳನ್ನು ಎಷ್ಟು ಅದ್ದೂರಿಯಾಗಿ ಚಿತ್ರೀಕರಿಸಿದರೂ ಆ ಒಂದು ಉಸಿರಾಟದ ಸದ್ದು ಕೇಳಿಸದಿದ್ದರೆ ನಿಮ್ಮ ದೊಡ್ಡಪ್ಪನವರಿಗೆ ಸಾಲದೆನಿಸುವುದು ಸಹಜ.

ಯಾವ ದೃಶ್ಯದಲ್ಲಿ ಎದ್ದುಹೋಗಬೇಕೆನಿಸಿತೆಂದು ಅಜ್ಜಿಯವರನ್ನು, ಏನು ಸಾಲದಾಯಿತೆಂದು ದೊಡ್ಡಪ್ಪನವರನ್ನು ದಯವಿಟ್ಟು ಬಿಡಿಸಿ ಕೇಳಿ. ಇಬ್ಬರು ಹೇಳಿದ್ದನ್ನೂ ಅವರ ಮಾತಿನಲ್ಲೇ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.