ಟೊಮೆಟೊ ಕ್ರೇಟನ್ನು ಮುಂದಕ್ಕೆ ಒಯ್ಯುವ ಬಲ ಯಾವುದು?

ಪ್ರಶ್ನೆ: ಲಾರಿಯೊಳಗೆ 15 ಕಿಲೋ ತೂಕದ ಟೊಮೆಟೊ ಕ್ರೇಟ್ ಇದೆ, ನಿಶ್ಚಲ ಘರ್ಷಣಾ ಗುಣಾಂಕ 0.5. ಲಾರಿ 2 ಮೀ/ಸೆ² ವೇಗೋತ್ಕರ್ಷದಿಂದ ಹೊರಟರೆ ಕ್ರೇಟಿನ ಮೇಲಿನ ಘರ್ಷಣೆ ಎಷ್ಟು? ಟ್ಯೂಷನ್ನಿನಲ್ಲಿ 75 ನ್ಯೂಟನ್, ಹಿಂದಕ್ಕೆ ಎಂದರು. ಪುಸ್ತಕದಲ್ಲಿ 30 ನ್ಯೂಟನ್, ಮುಂದಕ್ಕೆ ಎಂದಿದೆ.
– ಪಿಯು ವಿದ್ಯಾರ್ಥಿನಿ, ಶ್ರೀನಿವಾಸಪುರ

ಉತ್ತರ: ಪುಸ್ತಕವೇ ಸರಿ. ‘ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ’ ಎಂಬ ಅರ್ಧ ವಾಕ್ಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ, ಏಕೆಂದರೆ ಪ್ರತಿ ವರ್ಷವೂ ಇದೇ ತಪ್ಪನ್ನು ತಿದ್ದಬೇಕಾಗಿದೆ. ಘರ್ಷಣೆ ವಿರೋಧಿಸುವುದು ತಾಗಿಕೊಂಡಿರುವ ಎರಡು ಮೇಲ್ಮೈಗಳ ನಡುವಿನ ಜಾರುವಿಕೆಯನ್ನು. ಕೋಲಾರದ ಎಪಿಎಂಸಿ ಯಾರ್ಡಿನಿಂದ ಹೊರಡುವ ಲಾರಿಯನ್ನು ಒಮ್ಮೆ ಗಮನಿಸಿ: ಕ್ರೇಟ್ ಹಿಂದೆ ಉಳಿಯದೆ ಲಾರಿಯ ಜೊತೆಗೇ ವೇಗ ಪಡೆಯುತ್ತದೆ, ಹಾಗೆ ಅದನ್ನು ಮುಂದಕ್ಕೆ ಒಯ್ಯಲು ಅಡಿಯ ತಗಡಿನ ಘರ್ಷಣೆಯನ್ನು ಬಿಟ್ಟರೆ ಬೇರೆ ಬಲವೇ ಇಲ್ಲ. ಅದಕ್ಕೆ ಬೇಕಾದದ್ದು 15 × 2, ಅಂದರೆ 30 ನ್ಯೂಟನ್. ನಿಶ್ಚಲ ಘರ್ಷಣೆ, ಅಂದರೆ ಮೇಲ್ಮೈಗಳು ಜಾರದೆ ಇರುವಾಗಿನ ಘರ್ಷಣೆ, ಬೇಕಾದಷ್ಟನ್ನೇ ಒದಗಿಸುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು ಗುಣಾಂಕ ಮತ್ತು ದ್ರವ್ಯರಾಶಿಯಿಂದ ಗುಣಿಸಿದಾಗ (0.5 × 15 × 10) ಬರುವ 75 ನ್ಯೂಟನ್ ಅದರ ಮಿತಿ ಮಾತ್ರ.

ಈ ಮಿತಿಯಿಂದಲೇ ಇನ್ನೊಂದು ಅಪಾಯದ ಮಾತನ್ನೂ ಅಳೆಯಬಹುದು. ‘ಲೋಡು ಭಾರವಾಗಿದೆ, ಅಲುಗಾಡುವುದಿಲ್ಲ, ಹಗ್ಗ ಬೇಡ’ ಎನ್ನುವವರಿದ್ದಾರೆ. 75ನ್ನು 15ರಿಂದ ಭಾಗಿಸಿದರೆ 5 ಮೀ/ಸೆ², ಲೋಡು ಜಾರದೆ ತಾಳಬಲ್ಲ ಗರಿಷ್ಠ ವೇಗೋತ್ಕರ್ಷ ಇದು. ತೂಕ 1500 ಕಿಲೋ ಆದರೂ ಇದೇ 5, ಏಕೆಂದರೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ, ತಡೆದು ನಿಲ್ಲಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಚಾಲಕ ಇದಕ್ಕಿಂತ ಜೋರಾಗಿ ಬ್ರೇಕ್ ಒತ್ತಿದರೆ ಇಡೀ ಲೋಡು ಕ್ಯಾಬಿನ್ನಿನ ಕಡೆಗೆ ಜಾರುತ್ತದೆ. ಒಡೆದ ಹಣ್ಣಿನ ರಸ ತಗಡಿನ ಮೇಲೆ ಹರಿದಿದ್ದರಂತೂ ಮಿತಿ ಇನ್ನೂ ಕೆಳಗಿಳಿಯುತ್ತದೆ. ಮೇಲಿನಿಂದ ಬಿಗಿದ ಹಗ್ಗ ದ್ರವ್ಯರಾಶಿಯನ್ನು ಹೆಚ್ಚಿಸದೆ ಕ್ರೇಟನ್ನು ಕೆಳಕ್ಕೆ ಒತ್ತುತ್ತದೆ, ಆದ್ದರಿಂದ ಹಿಡಿತ ಮಾತ್ರ ಹೆಚ್ಚುತ್ತದೆ. ದಯವಿಟ್ಟು ಹಗ್ಗ ಕಟ್ಟಿ.

ಪ್ರಶ್ನೆ: ಕ್ರೇಟಿನ ಅಗಲವಾದ ಮೈಯನ್ನು ಕೆಳಗಿಟ್ಟರೆ ಘರ್ಷಣೆ ಹೆಚ್ಚುವುದೇ? – ಮಾಲೂರು

ಉತ್ತರ: ಇಲ್ಲ, ಒಣಗಿದ ಗಟ್ಟಿ ಮೇಲ್ಮೈಗಳ ವಿಷಯದಲ್ಲಿ ಫ್ರಾನ್ಸಿನ ಅಮಾಂಟನ್ 1699ರಲ್ಲೇ ಇದನ್ನು ಹೇಳಿದ್ದಾನೆ.

ಪ್ರಶ್ನೆ: ಬೈಕಿಗೆ ಅಂಟಿಸುವ ಅಯಸ್ಕಾಂತದಿಂದ ಗಾಳಿಯ ತಡೆ ಇಳಿದು ಮೈಲೇಜ್ ಹೆಚ್ಚುತ್ತದೆಯಂತೆ, ನಿಜವೇ? – ಬಂಗಾರಪೇಟೆ

ಉತ್ತರ: ಶುದ್ಧ ಮೋಸ, ಹಣ ಕಳೆದುಕೊಳ್ಳಬೇಡಿ. ಗಾಳಿಯ ತಡೆಯನ್ನು ನಿರ್ಧರಿಸುವುದು ವೇಗ, ಆಕಾರ, ಎದುರಿನ ವಿಸ್ತೀರ್ಣ ಮತ್ತು ಗಾಳಿಯ ಸಾಂದ್ರತೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 80 ಕಿ.ಮೀ. ಬದಲು 40ರಲ್ಲಿ ಹೋದರೆ ತಡೆ ಕಾಲು ಭಾಗಕ್ಕೆ ಇಳಿಯುತ್ತದೆ.

ಪ್ರಶ್ನೆ: ನಂದಿ ಬೆಟ್ಟವನ್ನು ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುವುದೇ? – ಚಿಂತಾಮಣಿ

ಉತ್ತರ: ಇಳಿಯಲೇಬೇಡಿ. ಎಂಜಿನ್ನಿನ ತಡೆ ತಪ್ಪಿದ ಮೇಲೆ ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬಿದ್ದು, ಅದು ಅತಿಯಾಗಿ ಕಾದಾಗ ಅದರ ಘರ್ಷಣೆ ಕುಗ್ಗುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ.